ಯಾವ ಸಂಚಿಕೆ, ಯಾವ ಪುಟ?

ಕಳೆದ ವರ್ಷ ಕಲ್ಯಾಣ ನಗರದ ನಮ್ಮ ಬಡಾವಣೆಯವರು ಏರ್ಪಡಿಸಿದ್ದ ರಾಜ್ಯೋತ್ಸವ ಸಮಾರಂಭದಲ್ಲಿ ನನಗೆ ಹತ್ತು ನಿಮಿಷ ಮಾತನಾಡಲು ಹೇಳಿದ್ದರು. ಸಾರ್ವಜನಿಕ ಸಂಸ್ಥೆಯೊಂದರ ಗಣಕ ವಿಭಾಗದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದು ನಿವೃತ್ತನಾದವನು ಎಂಬ ಕಾರಣಕ್ಕೆ ‘ಭಾಷೆ ಮತ್ತು ಕಂಪ್ಯೂಟರ್’ ಎಂಬ ವಿಷಯ ನನ್ನ ಪಾಲಿಗೆ ಬಂದಿತ್ತು. ಸಭೆಯನ್ನು ಹಿಡಿದಿಡಲು ಎಲ್ಲರೂ ಹೇಳುವ ಮಾತೊಂದನ್ನು ನಾನೂ ಹೇಳಿದೆ. ಕಂಪ್ಯೂಟರಿಗೆ ಅತ್ಯಂತ ಯೋಗ್ಯವಾದ ಭಾಷೆ ಸಂಸ್ಕೃತವೆಂದು ಅಮೆರಿಕದ ಫೋರ್ಬ್ಸ್ ಪತ್ರಿಕೆ 1987ರ ಜುಲೈನಲ್ಲಿ ಬರೆದಿದೆ, ನಾಸಾ ವಿಜ್ಞಾನಿಗಳು ಅದನ್ನು ಒಪ್ಪಿದ್ದಾರೆ ಎಂದೆ. ಜೋರಾಗಿ ಚಪ್ಪಾಳೆ ಬಿತ್ತು.

ಮರುದಿನ ಬೆಳಗ್ಗೆ ಪಕ್ಕದ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ ಬಾಗಿಲು ತಟ್ಟಿದಳು. ಪ್ರೋಗ್ರಾಮಿಂಗ್ ಭಾಷೆಗಳ ಇತಿಹಾಸದ ಬಗ್ಗೆ ಕಾಲೇಜಿನಲ್ಲಿ ಅವಳು ಸೆಮಿನಾರ್ ಕೊಡಬೇಕಿತ್ತು. ‘ಅಂಕಲ್, ನಿನ್ನೆ ನೀವು ಹೇಳಿದ ಫೋರ್ಬ್ಸ್ ಲೇಖನ ನನಗೆ ಬೇಕಿತ್ತು. ಯಾವ ಸಂಚಿಕೆ, ಯಾವ ಪುಟ ಅಂತ ಹೇಳ್ತೀರಾ? ನಮ್ಮ ಮೇಡಂ ಆಧಾರ ಇಲ್ಲದೆ ಒಂದು ಸಾಲೂ ಒಪ್ಪಲ್ಲ’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಲೇಖನವನ್ನು ನಾನು ಓದಿರಲಿಲ್ಲ. ಓದಿದವರನ್ನೂ ಕಂಡಿರಲಿಲ್ಲ. ಯಾರೋ ಹೇಳಿದ್ದನ್ನು ಮತ್ತಾರೋ ಬರೆದಿದ್ದರು, ಅದನ್ನು ನಾನು ವೇದಿಕೆಯ ಮೇಲೆ ನಿಂತು ಒಪ್ಪಿಸಿದ್ದೆ. ‘ಎರಡು ದಿನ ಕೊಡಮ್ಮ, ಹುಡುಕಿ ಕೊಡುತ್ತೇನೆ’ ಎಂದು ಕಳಿಸಿದೆ. ಎರಡು ದಿನದ ಕೆಲಸ ಹಲವು ವಾರಗಳಿಗೆ ಬೆಳೆಯಿತು. ಅದರಿಂದ ನಾನು ಕಲಿತದ್ದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಫೋರ್ಬ್ಸ್ ವಿಷಯ. ಈ ಮಾತನ್ನು ಉಲ್ಲೇಖಿಸುವ ಎಷ್ಟೋ ಕರಪತ್ರ, ಭಾಷಣ, ಲೇಖನಗಳನ್ನು ನಾವಿಬ್ಬರೂ ನೋಡಿದೆವು. ತಿಂಗಳು ಮತ್ತು ವರ್ಷ ಎಲ್ಲದರಲ್ಲೂ ಇದೆ. ಲೇಖನದ ಹೆಸರು, ಬರೆದವರ ಹೆಸರು, ಪುಟಸಂಖ್ಯೆ ಒಂದರಲ್ಲೂ ಇಲ್ಲ. ಒಬ್ಬರು ಬರೆದದ್ದನ್ನೇ ಇನ್ನೊಬ್ಬರು ನಕಲು ಮಾಡಿದ್ದಾರೆ. ನೂರು ಜನ ಹೇಳಿದರೂ ಅದು ಒಂದೇ ಸಾಕ್ಷಿ, ಆ ಸಾಕ್ಷಿಯೂ ನ್ಯಾಯಾಲಯಕ್ಕೆ ಬಂದಿಲ್ಲ ಎಂಬಂಥ ಸ್ಥಿತಿ.

ಹಾಗಾದರೆ ಇದೆಲ್ಲ ಶುದ್ಧ ಕಟ್ಟುಕಥೆಯೇ? ಅಲ್ಲ. ನಾಸಾದ ಎಳೆಯನ್ನು ಹಿಡಿದು ಹೋದರೆ ನಿಜವಾದ ಪ್ರಬಂಧವೊಂದು ಸಿಗುತ್ತದೆ. ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬುವರು 1985ರಲ್ಲಿ ‘ಎಐ ಮ್ಯಾಗಜೀನ್’ ಎಂಬ ಪತ್ರಿಕೆಯ ಆರನೇ ಸಂಪುಟದ ಮೊದಲ ಸಂಚಿಕೆಯಲ್ಲಿ, 32ನೇ ಪುಟದಿಂದ, ಸಂಸ್ಕೃತ ಮತ್ತು ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆದರು. ವಾಕ್ಯವೊಂದರ ಅರ್ಥವನ್ನು ಬಿಡಿಸಿಡಲು ನಮ್ಮ ವೈಯಾಕರಣರು, ವಿಶೇಷವಾಗಿ ನಾಗೇಶ ಭಟ್ಟರು, ಬಳಸಿದ ಶಾಸ್ತ್ರೀಯ ವಿಧಾನಕ್ಕೂ ಕಂಪ್ಯೂಟರಿನಲ್ಲಿ ಜ್ಞಾನವನ್ನು ನಿರೂಪಿಸಲು ಅಂದಿನ ಸಂಶೋಧಕರು ಬಳಸುತ್ತಿದ್ದ ಜಾಲರೂಪದ ನಕ್ಷೆಗಳಿಗೂ ಹೋಲಿಕೆಯಿದೆ ಎಂಬುದು ಅವರ ವಾದ. ವಿದ್ವತ್ಪೂರ್ಣವಾದ, ಚರ್ಚೆಗೆ ಯೋಗ್ಯವಾದ ವಾದ. ಆದರೆ ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆಯಬೇಕೆಂದಾಗಲೀ ನಾಸಾ ಹಾಗೆ ಬರೆಯುತ್ತಿದೆಯೆಂದಾಗಲೀ ಅಲ್ಲಿ ಹೇಳಿಲ್ಲ. ಅದು ಒಬ್ಬ ಸಂಶೋಧಕರ ಪ್ರಬಂಧವೇ ಹೊರತು ನಾಸಾ ಸಂಸ್ಥೆಯ ನಿರ್ಣಯವಲ್ಲ.

ಇದರ ಮುಂದಿನ ಅಧ್ಯಾಯ ನಮ್ಮ ಊರಿನಲ್ಲೇ ನಡೆಯಿತೆಂಬುದು ನನಗೆ ತಿಳಿದಿರಲಿಲ್ಲ. ಸಂಸ್ಕೃತದಲ್ಲಿ ಜ್ಞಾನನಿರೂಪಣೆ ಮತ್ತು ಅನುಮಾನ ಎಂಬ ವಿಷಯದ ಮೊದಲ ರಾಷ್ಟ್ರೀಯ ಸಮ್ಮೇಳನ 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ವ್ಯಾಕರಣ, ನ್ಯಾಯಶಾಸ್ತ್ರಗಳ ಪಂಡಿತರೂ ಗಣಕ ವಿಜ್ಞಾನಿಗಳೂ ಅಲ್ಲಿ ಒಟ್ಟಿಗೆ ಕುಳಿತರು. ಅದರ ವರದಿಯನ್ನು ಬ್ರಿಗ್ಸ್ ಅವರೇ 1987ರಲ್ಲಿ ಅದೇ ಪತ್ರಿಕೆಗೆ ಬರೆದರು. ಅಂದರೆ ನಾವು ಹೆಮ್ಮೆಪಡಬಹುದಾದ ನಿಜವಾದ ಘಟನೆಯೊಂದು ಬೆಂಗಳೂರಿನ ಮಣ್ಣಿನಲ್ಲೇ ನಡೆದಿದೆ. ಅದು ನಮಗೆ ನೆನಪಿಲ್ಲ, ಪುಟವಿಲ್ಲದ ಫೋರ್ಬ್ಸ್ ಮಾತ್ರ ಬಾಯಿಪಾಠವಾಗಿದೆ.

ಇನ್ನೊಂದು ಎಳೆ ಪಾಣಿನಿಯದು. ‘ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣವನ್ನು ಪಾಶ್ಚಾತ್ಯರು ಪಾಣಿನಿಯಿಂದ ತೆಗೆದುಕೊಂಡರು’ ಎಂಬ ಮಾತೂ ಸಭೆಗಳಲ್ಲಿ ಕೇಳಿಬರುತ್ತದೆ. ಇದರ ಮೂಲವನ್ನು ಹುಡುಕಿದರೆ ಸಿಗುವುದು ಒಂದು ಚಿಕ್ಕ ಪತ್ರ. ಅಮೆರಿಕದ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ ಸಂಸ್ಥೆಯ ಮಾಸಪತ್ರಿಕೆಗೆ ಪೀಟರ್ ಇಂಗರ್‌ಮನ್ ಎಂಬುವರು ಬರೆದದ್ದು. 1967ರ ಮಾರ್ಚ್ ಸಂಚಿಕೆ, 137ನೇ ಪುಟ. ಆ ಪತ್ರದ ಅರ್ಥವಾಗಬೇಕಾದರೆ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು.

ಐಬಿಎಂ ಕಂಪನಿಯಲ್ಲಿ ಫೋರ್ಟ್ರಾನ್ ಭಾಷೆಯನ್ನು ರೂಪಿಸಿದ ತಂಡದ ನಾಯಕ ಜಾನ್ ಬ್ಯಾಕಸ್. ಅವರು 1959ರಲ್ಲಿ ಪ್ಯಾರಿಸ್‌ನಲ್ಲಿ ಯುನೆಸ್ಕೊ ನಡೆಸಿದ ಸಮ್ಮೇಳನದಲ್ಲಿ, ಮುಂದೆ ಆಲ್ಗಾಲ್ ಎಂದು ಹೆಸರಾದ ಭಾಷೆಯ ನಿಯಮಗಳನ್ನು ಸೂತ್ರರೂಪದಲ್ಲಿ ಬರೆಯುವ ಸಂಕೇತಕ್ರಮವೊಂದನ್ನು ಮುಂದಿಟ್ಟರು. ಸಂಖ್ಯೆ ಎಂದರೇನು? ಒಂದು ಅಂಕಿಯು ಸಂಖ್ಯೆ. ಅಥವಾ ಸಂಖ್ಯೆಯ ಮುಂದೆ ಇನ್ನೊಂದು ಅಂಕಿ ಇಟ್ಟರೆ ಅದೂ ಸಂಖ್ಯೆ. ಹೀಗೆ ಎರಡೇ ನಿಯಮಗಳಲ್ಲಿ ಎಣಿಕೆಯಿಲ್ಲದಷ್ಟು ಸಂಖ್ಯೆಗಳನ್ನು ಹಿಡಿಯಬಹುದು. ಡೆನ್ಮಾರ್ಕಿನ ಪೀಟರ್ ನೌರ್ ಈ ಕ್ರಮವನ್ನು ಪರಿಷ್ಕರಿಸಿ 1960ರ ಆಲ್ಗಾಲ್ ವರದಿಯಲ್ಲಿ ಬಳಸಿದರು. 1964ರಲ್ಲಿ ಡೊನಾಲ್ಡ್ ಕ್ನೂತ್ ಅವರು ಇದನ್ನು ಬ್ಯಾಕಸ್-ನೌರ್ ರೂಪ ಎಂದು ಕರೆಯುವುದು ಸರಿ ಎಂದು ಪತ್ರ ಬರೆದರು. ಈ ನಾಮಕರಣದ ಚರ್ಚೆಯ ಮುಂದುವರಿಕೆಯಾಗಿಯೇ ಇಂಗರ್‌ಮನ್ ಪತ್ರ ಬಂದದ್ದು. ಪಾಣಿನಿ ಇಂಥ ಕ್ರಮವನ್ನು ಬಹಳ ಹಿಂದೆಯೇ ಸ್ವತಂತ್ರವಾಗಿ ಕಂಡುಕೊಂಡಿದ್ದನಾದ್ದರಿಂದ ಪಾಣಿನಿ-ಬ್ಯಾಕಸ್ ರೂಪ ಎನ್ನೋಣ ಎಂಬುದು ಅವರ ಸಲಹೆ.

‘ಸ್ವತಂತ್ರವಾಗಿ’ ಎಂಬ ಪದವನ್ನು ಗಮನಿಸಬೇಕು. ಬ್ಯಾಕಸ್ ಪಾಣಿನಿಯಿಂದ ತೆಗೆದುಕೊಂಡರೆಂದು ಇಂಗರ್‌ಮನ್ ಹೇಳಲಿಲ್ಲ. ಮೊದಲು ಇದ್ದದ್ದು ಬೇರೆ, ಪ್ರಭಾವಿಸಿದ್ದು ಬೇರೆ. ಇತಿಹಾಸದಲ್ಲಿ ಈ ಎರಡನ್ನು ಬೆರೆಸಿದಾಗಲೇ ಅನರ್ಥವಾಗುತ್ತದೆ. ಜರ್ಮನಿಯ ಕೊನ್ರಾಡ್ ಝೂಸೆ 1945ರ ವೇಳೆಗೆ ‘ಪ್ಲಾನ್‌ಕಾಲ್ಕುಲ್’ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಿನ್ಯಾಸವನ್ನು ಬರೆದು ಮುಗಿಸಿದ್ದರು. ಯುದ್ಧದಿಂದ ಹಾಳಾದ ದೇಶದಲ್ಲಿ ಆ ಹಸ್ತಪ್ರತಿ ಬದಿಗೆ ಸರಿದು, ಪೂರ್ಣವಾಗಿ ಪ್ರಕಟವಾದದ್ದು 1972ರಲ್ಲಿ. ಫೋರ್ಟ್ರಾನ್‌ಗಿಂತ ಅದು ಹಳೆಯದು ನಿಜ. ಆದರೆ ಫೋರ್ಟ್ರಾನ್ ಅದರಿಂದ ಹುಟ್ಟಲಿಲ್ಲ. ಝೂಸೆಯ ಹಿರಿಮೆಗೆ ಇದರಿಂದ ಕುಂದಿಲ್ಲ. ಪಾಣಿನಿಯ ಹಿರಿಮೆಗೂ ಇಲ್ಲ.

ನಿಜಕ್ಕೂ ಪಾಣಿನಿಯನ್ನು ಹತ್ತಿರದಿಂದ ನೋಡಿದರೆ ಹೋಲಿಕೆಯಷ್ಟೇ ವ್ಯತ್ಯಾಸವೂ ಸ್ವಾರಸ್ಯಕರ. ಶಾಲೆಯಲ್ಲಿ ಕನ್ನಡ ಕಲಿತವರಿಗೆಲ್ಲ ಯಣ್ ಸಂಧಿ ಗೊತ್ತು. ಪ್ರತಿ, ಉತ್ತರ ಸೇರಿದರೆ ಪ್ರತ್ಯುತ್ತರ. ಇ ಇದ್ದಲ್ಲಿ ಯ, ಉ ಇದ್ದಲ್ಲಿ ವ, ಋ ಇದ್ದಲ್ಲಿ ರ ಬರುತ್ತದೆ. ಆದರೆ ಮುಂದೆ ಬೇರೆ ಸ್ವರ ಬಂದಾಗ ಮಾತ್ರ. ಇದಕ್ಕೆ ಪಾಣಿನಿಯ ಸೂತ್ರದಲ್ಲಿ ಇರುವುದು ಮೂರೇ ಪದ. ಯಾವುದು ಹೋಗಬೇಕೋ ಅದು ಷಷ್ಠಿಯಲ್ಲಿ, ಯಾವುದು ಬರಬೇಕೋ ಅದು ಪ್ರಥಮೆಯಲ್ಲಿ, ಮುಂದೆ ಏನಿರಬೇಕೋ ಅದು ಸಪ್ತಮಿಯಲ್ಲಿ. ವಿಭಕ್ತಿಗಳೇ ಇಲ್ಲಿ ಗಣಿತದ ಚಿಹ್ನೆಗಳಂತೆ ಕೆಲಸ ಮಾಡುತ್ತವೆ. ಬ್ಯಾಕಸ್ ಕ್ರಮದಲ್ಲಾದರೋ ನೆರೆಯಲ್ಲಿ ಏನಿದೆ ಎಂಬ ಷರತ್ತಿಗೆ ಸ್ಥಳವಿಲ್ಲ. ಪಾಣಿನಿಯಲ್ಲಿ ಆ ಷರತ್ತೇ ಜೀವಾಳ. ಆದ್ದರಿಂದ ಎರಡೂ ಒಂದೇ ಎನ್ನುವವರು ಪಾಣಿನಿಗೆ ಉಪಕಾರ ಮಾಡುತ್ತಿಲ್ಲ, ಅವನನ್ನು ಓದುವ ಶ್ರಮವನ್ನು ತಪ್ಪಿಸಿಕೊಳ್ಳುತ್ತಿದ್ದಾರೆ. ಆಧುನಿಕ ಭಾಷಾವಿಜ್ಞಾನದ ಮೇಲೆ ಸಂಸ್ಕೃತ ವ್ಯಾಕರಣದ ಪ್ರಭಾವಕ್ಕೆ ದಾಖಲೆಗಳಿವೆ. ಬ್ಲೂಮ್‌ಫೀಲ್ಡ್ ಪಾಣಿನಿಯ ಸೂತ್ರಗಳ ಬಗ್ಗೆ 1927ರಲ್ಲಿ ಬರೆದಿದ್ದಾರೆ. ಚಾಮ್‌ಸ್ಕಿ 1965ರ ತಮ್ಮ ಗ್ರಂಥದ ಮುನ್ನುಡಿಯಲ್ಲಿ ಪಾಣಿನಿಯನ್ನು ನೆನೆದಿದ್ದಾರೆ. ಹೇಳಬೇಕಾದ್ದು ಇಷ್ಟಿರುವಾಗ ಇಲ್ಲದ್ದನ್ನು ಏಕೆ ಸೇರಿಸಬೇಕು?

ಸಾಕ್ಷ್ಯವಿಲ್ಲದ ಕಥೆ ನಮ್ಮಲ್ಲಿ ಮಾತ್ರ ಇದೆಯೆಂದು ಯಾರೂ ತಿಳಿಯಬಾರದು. ಕಂಪ್ಯೂಟರಿನ ದೋಷಕ್ಕೆ ‘ಬಗ್’ ಎಂಬ ಹೆಸರು ಬಂದದ್ದು ಗ್ರೇಸ್ ಹಾಪರ್ ಯಂತ್ರದೊಳಗೆ ಪತಂಗವೊಂದನ್ನು ಹಿಡಿದಾಗ ಎಂದು ಅಮೆರಿಕದಲ್ಲೂ ಹೇಳುತ್ತಾರೆ. ಹಾರ್ವರ್ಡ್‌ನ ಯಂತ್ರದಲ್ಲಿ ಸಿಕ್ಕ ಪತಂಗವನ್ನು 1947ರ ಸೆಪ್ಟೆಂಬರ್‌ನಲ್ಲಿ ದಿನಚರಿ ಪುಸ್ತಕಕ್ಕೆ ಅಂಟಿಸಿದ್ದು ನಿಜ. ಆ ಪುಟ ಇಂದಿಗೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಯಂತ್ರದ ದೋಷಕ್ಕೆ ಆ ಪದವನ್ನು ಎಡಿಸನ್ 1878ರಷ್ಟು ಹಿಂದೆಯೇ ತಮ್ಮ ಪತ್ರದಲ್ಲಿ ಬಳಸಿದ್ದರು. ಕಥೆ ಸುಳ್ಳೆಂದು ತಿಳಿದದ್ದು ಹೇಗೆ? ದಿನಚರಿಯನ್ನೂ ಪತ್ರವನ್ನೂ ಯಾರೋ ಎಸೆಯದೆ ಉಳಿಸಿದ್ದರಿಂದ.

ಉಳಿಸುವ ಈ ಕೆಲಸವನ್ನು ಪ್ರೋಗ್ರಾಮಿಂಗ್ ಭಾಷೆಗಳ ಮಟ್ಟಿಗೆ ಅವರು ಎಷ್ಟು ಶ್ರದ್ಧೆಯಿಂದ ಮಾಡಿದರೆಂದು ನೋಡಿ. ಸ್ವತಃ ಕೋಬಾಲ್ ಭಾಷೆಯ ರಚನೆಯಲ್ಲಿ ಪಾಲ್ಗೊಂಡಿದ್ದ ಜೀನ್ ಸ್ಯಾಮೆಟ್ 1969ರಲ್ಲೇ ಈ ಭಾಷೆಗಳ ಇತಿಹಾಸದ ಬೃಹತ್ ಗ್ರಂಥವನ್ನು ಹೊರತಂದರು. 1978ರಲ್ಲಿ ಅವರ ಮುಂದಾಳತ್ವದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಮ್ಮೇಳನ ಸೇರಿ, ಫೋರ್ಟ್ರಾನ್, ಲಿಸ್ಪ್, ಕೋಬಾಲ್, ಬೇಸಿಕ್ ಮೊದಲಾದ 13 ಭಾಷೆಗಳ ಕಥೆಯನ್ನು ಅವುಗಳನ್ನು ಕಟ್ಟಿದವರಿಂದಲೇ ಬರೆಯಿಸಿದರು. ನೆನಪಿನಿಂದ ಬರೆದರೆ ಸಾಲದು, ಅಂದಿನ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಬರೆಯಬೇಕೆಂದು ಲೇಖಕರಿಗೆ ಮೊದಲೇ ಪ್ರಶ್ನಾವಳಿ ಕೊಡಲಾಗಿತ್ತು. ಅಂಥ ಸಮ್ಮೇಳನಗಳು ಮತ್ತೆ 1993, 2007 ಮತ್ತು 2021ರಲ್ಲಿ ನಡೆದವು. ಇತಿಹಾಸಕ್ಕೆಂದೇ ಮೀಸಲಾದ ‘ಆ್ಯನಲ್ಸ್’ ಎಂಬ ವಿದ್ವತ್ ಪತ್ರಿಕೆ 1979ರಿಂದ ಬರುತ್ತಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಬ್ಯಾಬೇಜ್ ಹೆಸರಿನ ದಾಖಲಾಗಾರವಿದೆ.

ಇವೆಲ್ಲ ನಮಗೆ ಎಟಕುವುದಿಲ್ಲ ಎಂದು ಹಿಂದೆ ಹೇಳಬಹುದಿತ್ತು. ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಒಂದು ಪ್ರಬಂಧ ನೋಡಬೇಕೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯಕ್ಕೆ ಪತ್ರ ಹಿಡಿದು ಹೋಗಬೇಕಿತ್ತು. ಇಂದು ಆ ನೆಪವಿಲ್ಲ. ಕಂಪ್ಯೂಟಿಂಗ್ ಮೆಷಿನರಿ ಸಂಸ್ಥೆ 1951ರಿಂದ 2000ದವರೆಗಿನ ತನ್ನ ಪ್ರಕಟಣೆಗಳನ್ನೆಲ್ಲ 2022ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಇಂಗರ್‌ಮನ್ ಅವರ ಪತ್ರ, ಕ್ನೂತ್ ಅವರ ಪತ್ರ, ಆಲ್ಗಾಲ್ ವರದಿ, 1978ರ ಸಮ್ಮೇಳನದ ಪ್ರಬಂಧಗಳು, ಎಲ್ಲವನ್ನೂ ಕಲ್ಯಾಣ ನಗರದ ನನ್ನ ಮನೆಯ ಮೇಜಿನ ಮುಂದೆ ಕುಳಿತು ಓದಿದೆ. ಹೊರಗೆ ವರ್ತುಲ ರಸ್ತೆಯ ವಾಹನಗಳ ಸದ್ದು. ಆ ರಸ್ತೆಯಲ್ಲಿ ನಾಗವಾರದ ಕಡೆಗೂ ಮಹದೇವಪುರದ ಕಡೆಗೂ ದಿನವೂ ಹೋಗುವ ಸಾವಿರಾರು ತರುಣರು ಈ ಭಾಷೆಗಳಿಂದಲೇ ಅನ್ನ ಕಾಣುತ್ತಿದ್ದಾರೆ. ತಾವು ಬಳಸುವ ಉಪಕರಣ ಎಲ್ಲಿಂದ ಬಂತೆಂದು ಕೇಳುವ ಬಿಡುವು ಮಾತ್ರ ಅವರಿಗಿಲ್ಲ, ನಮಗೂ ಇರಲಿಲ್ಲ.

ಆ ಹುಡುಗಿ ಕೇಳಿದ ಎರಡನೆಯ ಪ್ರಶ್ನೆ ನನ್ನನ್ನು ಇನ್ನಷ್ಟು ಕಾಡಿತು. ‘ಅಂಕಲ್, ನಮ್ಮ ಊರಲ್ಲಿ ಮೊದಮೊದಲು ಫೋರ್ಟ್ರಾನ್ ಹೇಗೆ ಕಲಿಸ್ತಿದ್ರು? ನಿಮ್ಮ ಹತ್ರ ಆಗಿನ ಪುಸ್ತಕ ಏನಾದ್ರೂ ಇದೆಯಾ?’ ಇತ್ತು. ಎಪ್ಪತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಒಂದೊಂದು ಸಾಲನ್ನೂ 80 ಕಂಬಸಾಲುಗಳ ಕಾರ್ಡಿನಲ್ಲಿ ರಂಧ್ರ ಕೊರೆದು ಸಿದ್ಧಪಡಿಸುತ್ತಿದ್ದೆವು. ಹೇಳಿಕೆ ಏಳನೇ ಕಂಬಸಾಲಿನಿಂದಲೇ ಆರಂಭವಾಗಬೇಕು, 72 ದಾಟಬಾರದು. ಕಾರ್ಡುಗಳ ಕಟ್ಟನ್ನು ಕೊಟ್ಟು ಬಂದರೆ ಫಲಿತಾಂಶ ಮರುದಿನ. ಒಂದು ಅಲ್ಪವಿರಾಮ ತಪ್ಪಿದ್ದರೆ ಇನ್ನೂ ಒಂದು ದಿನ. ಆ ಕಾಲದ ಕೈಪಿಡಿಗಳು, ಅಂಚಿನಲ್ಲಿ ಹಿರಿಯ ಸಹೋದ್ಯೋಗಿಗಳು ಕನ್ನಡದಲ್ಲಿ ಬರೆದ ಟಿಪ್ಪಣಿಗಳು, ತರಬೇತಿಯ ಹಾಳೆಗಳು ನನ್ನ ಬಳಿ ಒಂದು ಟ್ರಂಕಿನ ತುಂಬ ಇದ್ದವು. ಈ ಮನೆಗೆ ಬರುವಾಗ ಜಾಗವಿಲ್ಲವೆಂದು ಅವನ್ನು ರದ್ದಿ ಅಂಗಡಿಗೆ ತೂಕಕ್ಕೆ ಹಾಕಿದೆ. ಯಾರೂ ಒತ್ತಾಯಿಸಿರಲಿಲ್ಲ, ಅದು ನನ್ನದೇ ತೀರ್ಮಾನ. ಫೋರ್ಬ್ಸ್‌ನ ಇಲ್ಲದ ಪುಟವನ್ನು ಜೋಪಾನವಾಗಿ ಇಟ್ಟುಕೊಂಡಿದ್ದವನು ಕೈಯಲ್ಲಿದ್ದ ನಿಜವಾದ ಪುಟಗಳನ್ನು ಕಳೆದುಕೊಂಡಿದ್ದೆ.

ಈ ಕಥೆ ನನ್ನೊಬ್ಬನದಲ್ಲ. ಈ ನಗರದ ಪೂರ್ವಭಾಗದಲ್ಲಿ, ಸಾರ್ವಜನಿಕ ಉದ್ದಿಮೆಗಳಿಂದ ನಿವೃತ್ತರಾದವರು ನೆಲೆಸಿದ ಬಡಾವಣೆಗಳಲ್ಲಿ, ಇಂಥ ಟ್ರಂಕುಗಳು ಇನ್ನೂ ಇರಬೇಕು. ಪ್ರೊಫೆಸರ್ ವಿ. ರಾಜಾರಾಮನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು 1955ರಿಂದ 2010ರವರೆಗಿನ ಭಾರತದ ಗಣಕ ಇತಿಹಾಸವನ್ನು ಬರೆದುಕೊಟ್ಟರು. ಅದೊಂದು ದೊಡ್ಡ ಉಪಕಾರ. ಆದರೆ ಅದು ಇಡೀ ದೇಶದ ಸ್ಥೂಲಚಿತ್ರ. ಕನ್ನಡದ ಪಾಲಿನ ವಿವರಗಳನ್ನು ನಾವೇ ಕೂಡಿಸಬೇಕು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಇಂದು ಲಕ್ಷಾಂತರ ಜನ ಕನ್ನಡ ಟೈಪಿಸುತ್ತಾರೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ಭಾಷೆಯನ್ನು ಯು.ಬಿ. ಪವನಜ ಕನ್ನಡಕ್ಕೆ ತಂದರು. ಇವುಗಳ ಮೊದಲ ಆವೃತ್ತಿಗಳು, ಕೈಪಿಡಿಗಳು, ಪತ್ರವ್ಯವಹಾರ, ಸಭೆಗಳ ನಡಾವಳಿ ಇವೆಲ್ಲ ಒಂದೆಡೆ ಸೇರದಿದ್ದರೆ ಐವತ್ತು ವರ್ಷಗಳ ನಂತರ ಇವುಗಳ ಬಗ್ಗೆಯೂ ಪುಟಸಂಖ್ಯೆಯಿಲ್ಲದ ಕಥೆಗಳೇ ಉಳಿಯುತ್ತವೆ.

ಆಧಾರ ಕೇಳುವುದು ಪಾಶ್ಚಾತ್ಯರ ಚಾಳಿ ಎನ್ನುವವರಿದ್ದಾರೆ. ಹಾಗಲ್ಲ. ಮೂಲವಿಲ್ಲದ್ದನ್ನು ಬರೆಯುವುದಿಲ್ಲವೆಂದು ಪಣತೊಟ್ಟ ಮಲ್ಲಿನಾಥ ನಮ್ಮವನು. ಪ್ರಮಾಣ ಯಾವುದು, ಆಪ್ತವಾಕ್ಯ ಯಾವುದು ಎಂದು ಶತಮಾನಗಳ ಕಾಲ ವಾದಿಸಿದ ನೈಯಾಯಿಕರು ನಮ್ಮವರು. ಓಲೆಗರಿಗಳನ್ನೂ ಶಾಸನಗಳನ್ನೂ ಹುಡುಕಿ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು ಕಟ್ಟಿದ ಆರ್. ನರಸಿಂಹಾಚಾರ್ಯರು ನಮ್ಮವರು. ಬೆಂಗಳೂರಿನ ಹೆಸರನ್ನೇ ತೆಗೆದುಕೊಳ್ಳಿ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಕಥೆ ಮಕ್ಕಳಿಗೂ ಗೊತ್ತು. ಆದರೆ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಕ್ರಿ.ಶ. 890ರ ಸುಮಾರಿಗೆ, ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರಿದೆ. ಕಲ್ಲು ಸಿಕ್ಕ ಮೇಲೆ ಊರು ಚಿಕ್ಕದಾಗಲಿಲ್ಲ, ಅದರ ವಯಸ್ಸು ಹೆಚ್ಚಿತು. ಪಾಣಿನಿಯ ವಿಷಯದಲ್ಲೂ ಸತ್ಯ ನಮ್ಮನ್ನು ಸಣ್ಣವರನ್ನಾಗಿ ಮಾಡುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಶಾಲಾ ಕಾಲೇಜುಗಳಲ್ಲಿ ಆ ಹುಡುಗಿಯ ಅಧ್ಯಾಪಕಿಯಂಥವರು ಹೆಚ್ಚಬೇಕು. ಯಾರು ಹೇಳಿದರು, ಎಂದು ಹೇಳಿದರು, ಎಲ್ಲಿ ಹೇಳಿದರು ಎಂಬ ಮೂರು ಪ್ರಶ್ನೆ ಕೇಳುವುದನ್ನು ಮಕ್ಕಳಿಗೆ ಕಲಿಸಿದರೆ ಸಾಕು, ಅರ್ಧ ಸುಳ್ಳು ಅಲ್ಲಿಯೇ ನಿಲ್ಲುತ್ತದೆ. ಯಂತ್ರವೇ ಕ್ಷಣಮಾತ್ರದಲ್ಲಿ ಪ್ರಬಂಧ ಬರೆದುಕೊಡುವ ಈ ದಿನಗಳಲ್ಲಿ ಈ ಅಭ್ಯಾಸದ ಅಗತ್ಯ ಇನ್ನೂ ಹೆಚ್ಚು. ಎರಡನೆಯದಾಗಿ, ನಿವೃತ್ತ ಎಂಜಿನಿಯರುಗಳು ಹಳೆಯ ಕಾಗದಗಳನ್ನು ಎಸೆಯುವ ಮುನ್ನ ಒಮ್ಮೆ ಯೋಚಿಸಬೇಕು. ಸಮಕಾಲೀನ ಭಾರತದ ವಿಜ್ಞಾನ ಇತಿಹಾಸದ ದಾಖಲೆಗಳಿಗೆಂದೇ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ದಾಖಲಾಗಾರ 2019ರಿಂದ ಇದೇ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಗೂ ತನ್ನದೇ ದಾಖಲಾಗಾರವಿದೆ. ಮೂರನೆಯದಾಗಿ, ನಮ್ಮ ವಿಶ್ವವಿದ್ಯಾಲಯಗಳು ಕನ್ನಡ ತಂತ್ರಾಂಶವನ್ನು ಕಟ್ಟಿದವರ ಮಾತುಗಳನ್ನು, ಅವರು ನಮ್ಮೊಂದಿಗಿರುವಾಗಲೇ, ಧ್ವನಿಮುದ್ರಿಸಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. 1978ರಲ್ಲಿ ಸ್ಯಾಮೆಟ್ ತೋರಿದಂಥ ಶ್ರದ್ಧೆ ಬೇಕು.

ಹುಡುಗಿಯ ಸೆಮಿನಾರ್ ಚೆನ್ನಾಗಿ ನಡೆಯಿತು. ಫೋರ್ಬ್ಸ್ ಅದರಲ್ಲಿ ಬರಲಿಲ್ಲ. ಇಂಗರ್‌ಮನ್ ಮತ್ತು ಬ್ರಿಗ್ಸ್ ಬಂದರು, ಬೆಂಗಳೂರಿನ ಸಮ್ಮೇಳನವೂ ಬಂತು. ಈ ವರ್ಷದ ರಾಜ್ಯೋತ್ಸವದಲ್ಲಿ ನಾನು ಸಂಘಟಕರನ್ನು ಐದು ನಿಮಿಷ ಕೇಳಿ ಪಡೆದೆ. ಕಳೆದ ಬಾರಿ ಇದೇ ವೇದಿಕೆಯಲ್ಲಿ ಆಧಾರವಿಲ್ಲದ ಮಾತನ್ನಾಡಿದ್ದೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ನಿಜ ಸಂಗತಿಯನ್ನು ವಿವರಿಸಿದೆ. ಚಪ್ಪಾಳೆ ಕಳೆದ ಬಾರಿಗಿಂತ ಕಡಿಮೆಯೇ ಇತ್ತು. ಆದರೆ ಕಾರ್ಯಕ್ರಮ ಮುಗಿದ ಮೇಲೆ ನಾಲ್ಕೈದು ಜನ ಹತ್ತಿರ ಬಂದು, ನೀವು ಹೇಳಿದ ಪತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಸಂಚಿಕೆ, ಪುಟ ಎರಡನ್ನೂ ಬರೆದುಕೊಟ್ಟೆ.